ಅವೆನ್ಯೂ ರಸ್ತೆಯ ಪರದೇಶಿ ಮೇಷ್ಟ್ರು: ಬೆಂಜಮಿನ್ ರೈಸ್

ಶಾಲೆ ಕಾಲೇಜುಗಳು ಆರಂಭವಾಗುವ ದಿನಗಳು ಬಂದವೆಂದರೆ ಬೆಂಗಳೂರಿನ ವಿದ್ಯಾರ್ಥಿಗಳು ಅವೆನ್ಯೂ ರಸ್ತೆಗೆ ಬರುತ್ತಾರೆ. ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರ್ಕೆಟ್‌ವರೆಗೆ ಸಾಗುವ ಈ ಇಕ್ಕಟ್ಟಾದ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ನಮ್ಮಲ್ಲಿ ಅನೇಕರು ತಂದೆಯ ಕೈ ಹಿಡಿದು ಇಲ್ಲಿಗೆ ಬಂದವರೇ. ಪುಸ್ತಕದಂಗಡಿಗಳು, ಗಿರವಿ ಅಂಗಡಿಗಳು, ಕೈಗಾಡಿಗಳ ನಡುವೆ ಎತ್ತರದ ಕಂಬಗಳಿರುವ ಒಂದು ಹಳೆಯ ಚರ್ಚ್ ಇದೆ. ಅದರ ಹೆಸರು ರೈಸ್ ಸ್ಮಾರಕ ಚರ್ಚ್. ಇಂಗ್ಲಿಷಿನಲ್ಲಿ ರೈಸ್ ಎಂದರೆ ಅಕ್ಕಿ ಎಂದು ತಿಳಿದ ಹುಡುಗರು ಆ ಹೆಸರನ್ನು ಓದಿ ನಗುವುದುಂಟು. ಆದರೆ ಅದು ಒಬ್ಬ ಮನುಷ್ಯನ ಹೆಸರು. ನಾವು ಪಠ್ಯಪುಸ್ತಕ ಕೊಳ್ಳುವ ಇದೇ ಪೇಟೆಯಲ್ಲಿ, ಕನ್ನಡದಲ್ಲಿ ಪಠ್ಯಪುಸ್ತಕಗಳೇ ಇಲ್ಲದ ಕಾಲದಲ್ಲಿ ಶಾಲೆಗಳನ್ನು ನಡೆಸಿದವರು ಬೆಂಜಮಿನ್ ಹೋಲ್ಟ್ ರೈಸ್.

ಹೊರದೇಶದಿಂದ ಬಂದು, ಉಪಾಧ್ಯಾಯರ ಕೊರತೆಯಿದ್ದ ಊರಿನಲ್ಲಿ ಪಾಠ ಹೇಳುತ್ತಾ ಹತ್ತಿರ ಹತ್ತಿರ ಐವತ್ತು ವರ್ಷ ಕಳೆದ ಈ ವ್ಯಕ್ತಿಯ ಜೀವನದಿಂದ ವಿದ್ಯಾಭ್ಯಾಸದ ಕೆಲಸಕ್ಕೆ ಕೈ ಹಾಕಿದ ನಮ್ಮಂಥವರು ಕಲಿಯಬೇಕಾದದ್ದು ಬಹಳಷ್ಟಿದೆ.

ಸಮುದ್ರ ದಾಟಿ ಬಂದ ಯುವಕ

ಬೆಂಜಮಿನ್ ರೈಸ್ ಅವರು ಹುಟ್ಟಿದ್ದು 1814ರಲ್ಲಿ, ಇಂಗ್ಲೆಂಡಿನಲ್ಲಿ. ಯೌವನದಲ್ಲಿಯೇ ಲಂಡನ್ ಮಿಷನರಿ ಸೊಸೈಟಿಯನ್ನು ಸೇರಿ, ತಮ್ಮ ಇಚ್ಛೆಯಿಂದಲೇ ಭಾರತಕ್ಕೆ ಹೊರಟರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಹಡಗುಗಳು ಆಫ್ರಿಕಾ ಖಂಡವನ್ನು ಪೂರ್ತಿ ಸುತ್ತಿಕೊಂಡು ಬರಬೇಕಾಗಿತ್ತು. ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಊರಿಗೆ ಒಂದು ಕಾಗದ ಬರೆದರೆ ಅದಕ್ಕೆ ಉತ್ತರ ಬರುವ ಹೊತ್ತಿಗೆ ವರ್ಷವೇ ಉರುಳುತ್ತಿತ್ತು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಹೀಗಾಗಿ ಮದರಾಸಿನಿಂದ ಇಲ್ಲಿಗೆ ಬರುವುದೂ ಆಗ ಹಲವು ದಿನಗಳ ಪ್ರಯಾಣವೇ. 1837ರಲ್ಲಿ ರೈಸ್ ಅವರು ಪತ್ನಿ ಜೇನ್ ಅವರೊಂದಿಗೆ ಬೆಂಗಳೂರು ತಲುಪಿದಾಗ ಅವರಿಗೆ ಇಪ್ಪತ್ತಮೂರರ ಆಸುಪಾಸಿನ ವಯಸ್ಸು. ಅದೇ ವರ್ಷದ ಜುಲೈ ತಿಂಗಳಲ್ಲಿ ಅವರ ಮಗ ಲೂಯಿಸ್ ಇಲ್ಲಿಯೇ ಹುಟ್ಟಿದ.

ಆಗಿನ ಬೆಂಗಳೂರು ಎರಡು ಊರುಗಳಂತಿತ್ತು. ಪೂರ್ವಕ್ಕೆ 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶ. ಅಲ್ಲಿ ಬ್ರಿಟಿಷ್ ಸೈನಿಕರೂ ಅವರನ್ನು ನಂಬಿ ಬಂದ ತಮಿಳು, ಉರ್ದು ಮಾತನಾಡುವ ಜನರೂ ನೆಲೆಸಿದ್ದರು. ಪಶ್ಚಿಮಕ್ಕೆ ಕೋಟೆ ಮತ್ತು ಅದಕ್ಕೆ ಹೊಂದಿಕೊಂಡ ಹಳೆಯ ಪೇಟೆ. ಚಿಕ್ಕಪೇಟೆ, ಬಳೆಪೇಟೆ, ತರಗುಪೇಟೆ, ಅಕ್ಕಿಪೇಟೆ, ನಗರ್ತಪೇಟೆ, ತಾರಾಮಂಡಲಪೇಟೆ ಎಂದು ಕಸುಬಿಗೊಂದು ಬೀದಿಯಂತಿದ್ದ ಈ ಪೇಟೆಯ ಮುಖ್ಯ ಬೀದಿಯೇ ದೊಡ್ಡಪೇಟೆ. ಅದೇ ಇಂದಿನ ಅವೆನ್ಯೂ ರಸ್ತೆ. ಹಜರತ್ ಟಿಪ್ಪು ಸುಲ್ತಾನರು ಹುತಾತ್ಮರಾಗಿ ಮೂವತ್ತೆಂಟು ವರ್ಷಗಳಾಗಿದ್ದವು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಸಿದುಕೊಂಡ ಬ್ರಿಟಿಷರು ಕಮಿಷನರ್ ಮೂಲಕ ರಾಜ್ಯವನ್ನು ಆಳುತ್ತಿದ್ದರು. ಕೋಟೆಯೊಳಗಿನ ಟಿಪ್ಪುವಿನ ಅರಮನೆಯೇ ಅವರ ಕಚೇರಿಯಾಗಿತ್ತು.

ದಂಡು ಪ್ರದೇಶದಲ್ಲಿ ತಮ್ಮ ದೇಶದವರ ನಡುವೆ ಸುಖವಾಗಿ ಇರಬಹುದಾಗಿದ್ದ ರೈಸ್ ಅವರು ತಮ್ಮ ಕೆಲಸಕ್ಕೆ ಆರಿಸಿಕೊಂಡದ್ದು ಕನ್ನಡ ಮಾತನಾಡುವ ಈ ಪೇಟೆಯನ್ನು.

ಕೂಲಿಮಠದ ಕಾಲ

ಪೇಟೆಯಲ್ಲಿ ಶಾಲೆಗಳೇ ಇರಲಿಲ್ಲವೆಂದಲ್ಲ. ಕೂಲಿಮಠಗಳಿದ್ದವು. ಯಾವುದೋ ಜಗಲಿಯ ಮೇಲೆ, ಗುಡಿಯ ಮಂಟಪದಲ್ಲಿ ಐಗಳು ಹತ್ತಿಪ್ಪತ್ತು ಹುಡುಗರನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಮಡಿಸಿದ ಕಪ್ಪು ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಗ್ಗಿ, ಅಮರಕೋಶ, ಲೆಕ್ಕಪತ್ರದ ಬರವಣಿಗೆ ಇಷ್ಟು ಬಂದರೆ ವಿದ್ಯೆ ಮುಗಿಯಿತು. ನಮ್ಮ ಸಮುದಾಯದ ಮಕ್ಕಳು ಮಕ್ತಬ್‌ಗಳಲ್ಲಿ ಕುರ್‌ಆನ್ ಓದುವುದನ್ನೂ, ಅನುಕೂಲವಿದ್ದವರು ಪಾರಸಿಯನ್ನೂ ಕಲಿಯುತ್ತಿದ್ದರು. ಐಗಳಿಗೆ ಸಿಗುತ್ತಿದ್ದುದು ಮಕ್ಕಳ ಮನೆಯವರು ಕೊಟ್ಟ ಕಾಳುಕಡ್ಡಿ, ಪುಡಿಗಾಸು.

ಈ ಪದ್ಧತಿಯಲ್ಲಿ ನೆನಪಿನ ಶಕ್ತಿ ಬೆಳೆಯುತ್ತಿತ್ತು. ಬಾಯಿಲೆಕ್ಕದಲ್ಲಿ ಆ ಮಕ್ಕಳನ್ನು ಸೋಲಿಸುವವರಿರಲಿಲ್ಲ. ಆದರೆ ಭೂಗೋಳ, ವಿಜ್ಞಾನ, ಲೋಕದ ಇತಿಹಾಸ ಇವುಗಳ ಸುಳಿವೇ ಇರಲಿಲ್ಲ. ಕೈಗೆ ಕೊಡಲು ಅಚ್ಚಾದ ಪುಸ್ತಕವೂ ಇರಲಿಲ್ಲ. ಬಡವರ, ಕೆಳಜಾತಿಗಳವರ ಮಕ್ಕಳಿಗೆ ಇಷ್ಟೂ ದಕ್ಕುತ್ತಿರಲಿಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋಗುವ ಮಾತೇ ಇರಲಿಲ್ಲ. ಸರ್ಕಾರವಾದರೋ ಇದನ್ನು ತನ್ನ ಕೆಲಸವೆಂದು ಎಣಿಸಿರಲೇ ಇಲ್ಲ. ಮೈಸೂರಿನಲ್ಲಿ ಮಹಾರಾಜರು 1833ರಲ್ಲಿ ಸ್ಥಾಪಿಸಿದ್ದ ಇಂಗ್ಲಿಷ್ ಶಾಲೆಯಂಥ ಒಂದೆರಡು ಪ್ರಯತ್ನಗಳನ್ನು ಬಿಟ್ಟರೆ ರಾಜ್ಯದಲ್ಲಿ ಶಿಕ್ಷಣ ಇಲಾಖೆಯೆಂಬುದೇ ಇರಲಿಲ್ಲ. 1854ರ ಶಿಕ್ಷಣ ಆದೇಶದ ನಂತರ, 1857ರಲ್ಲಿ ಆ ಇಲಾಖೆ ಹುಟ್ಟಿತು. ಅಂದರೆ ರೈಸ್ ಅವರ ಮೊದಲ ಇಪ್ಪತ್ತು ವರ್ಷಗಳ ಕೆಲಸ ಇಲಾಖೆಯಿಲ್ಲದ ಕಾಲದ್ದು.

ಕಲಿಸಲು ಬಂದವರು ಮೊದಲು ಕಲಿತರು

ಪಾಠ ಹೇಳಲು ಬಂದ ಈ ಯುವಕ ಮೊದಲು ಮಾಡಿದ ಕೆಲಸ ತಾವೇ ವಿದ್ಯಾರ್ಥಿಯಾಗಿ ಕುಳಿತದ್ದು. ಕನ್ನಡದ ಒಂದಕ್ಷರವೂ ತಿಳಿಯದ ಪರದೇಶಿ ಮುನ್ಷಿಗಳ ಮುಂದೆ ಕುಳಿತು ಅಕ್ಷರಮಾಲೆಯಿಂದ ಆರಂಭಿಸಬೇಕಾಗಿತ್ತು. ನೆರವಿಗೆ ಇದ್ದ ದೊಡ್ಡ ಸಾಧನವೆಂದರೆ ವಿಲಿಯಂ ರೀವ್ ಅವರ ನಿಘಂಟು. ಅದರ ಇಂಗ್ಲಿಷ್-ಕನ್ನಡ ಭಾಗ 1824ರಲ್ಲಿಯೂ ಕನ್ನಡ-ಇಂಗ್ಲಿಷ್ ಭಾಗ 1832ರಲ್ಲಿಯೂ ಹೊರಬಂದಿದ್ದವು. ಕಿಟ್ಟೆಲ್ ಅವರ ಪ್ರಸಿದ್ಧ ನಿಘಂಟು ಬರಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು. ಪುಸ್ತಕದ ಕನ್ನಡ ಒಂದಾದರೆ ಪೇಟೆಯ ಕನ್ನಡ ಇನ್ನೊಂದು. ಅದನ್ನು ಕಲಿಯಲು ಬೀದಿಯಲ್ಲಿ ನಿಂತು ಜನರೊಡನೆ ಮಾತಾಡಲೇಬೇಕು. ರೈಸ್ ಅವರು ಎರಡನ್ನೂ ಕಲಿತರು. ಎಷ್ಟರಮಟ್ಟಿಗೆಂದರೆ, ಮುಂದೆ ಕನ್ನಡ ಬೈಬಲ್ಲಿನ ಅನುವಾದವನ್ನು ಪರಿಷ್ಕರಿಸುವ ಕೆಲಸದಲ್ಲಿ ಅವರ ಪಾಲು ದೊಡ್ಡದಾಯಿತು. ಕನ್ನಡ ಬಲ್ಲ ವಿದೇಶಿಯರ ಸಾಲಿನಲ್ಲಿ ಅವರಿಗೆ ಗೌರವದ ಸ್ಥಾನ ದೊರಕಿತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಇಂಗ್ಲಿಷನ್ನೇ ಕಲಿಸಿ ಸುಮ್ಮನಾಗುವುದು ಅವರಿಗೆ ಸುಲಭವಾಗಿತ್ತು. ಇಂಗ್ಲಿಷ್ ಬಂದರೆ ಕಚೇರಿಯಲ್ಲಿ ಕೆಲಸ ಸಿಗುತ್ತದೆಂದು ಅನುಕೂಲಸ್ಥರು ಅದನ್ನೇ ಕೇಳುತ್ತಿದ್ದರು. 1840ರ ದಶಕದಲ್ಲಿ ಮಿಷನ್ನಿನವರು ಇಂಗ್ಲಿಷನ್ನು ಸೇರಿಸಿದ ಶಾಲೆಯನ್ನೂ ಪೇಟೆಯಲ್ಲಿ ತೆರೆದರು. ಆದರೆ ರೈಸ್ ಅವರ ಗಮನ ಕನ್ನಡ ಶಾಲೆಗಳ ಮೇಲಿನಿಂದ ಸರಿಯಲಿಲ್ಲ. ಮಗು ಮನೆಯಲ್ಲಿ ಆಡುವ ಮಾತಿನಲ್ಲಿ ಲೆಕ್ಕ, ಭೂಗೋಳ ತಿಳಿಯದಿದ್ದರೆ ಆ ವಿದ್ಯೆ ಕೆಲವರ ಸೊತ್ತಾಗಿ ಉಳಿಯುತ್ತದೆ ಎಂಬುದನ್ನು ಅವರ ಕೆಲಸವೇ ತೋರಿಸುತ್ತದೆ.

ಇದಕ್ಕಾಗಿ ಅವರು ಶಾಲಾ ಪುಸ್ತಕಗಳನ್ನು ಕನ್ನಡದಲ್ಲಿ ಬರೆದರು. ಪೇಟೆಯ ಶಾಲೆಗಳಲ್ಲಿ ಗಣಿತ, ಭೂಗೋಳ ಮೊದಲಾದ ವಿಷಯಗಳನ್ನು ಹೊಸ ಕ್ರಮದಲ್ಲಿ ಆರಂಭಿಸಿದವರಲ್ಲಿ ಅವರೂ ಒಬ್ಬರು. ಇಂದು ನಮಗೆ ಇದು ಸಣ್ಣ ಕೆಲಸವೆಂದು ತೋರಬಹುದು. ಆದರೆ ಖಂಡ, ದ್ವೀಪ, ಭೂಮಧ್ಯರೇಖೆ ಮೊದಲಾದುವನ್ನು ಎಂಟು ವರ್ಷದ ಹುಡುಗನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಲು ಅವರ ಮುಂದೆ ಮಾದರಿ ಇರಲಿಲ್ಲ. ಅಚ್ಚಿನ ಸೌಕರ್ಯವೂ ಹೊಸದೇ. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಲು ತೊಡಗಿದ್ದು 1840ರ ಸುಮಾರಿಗೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟದ್ದು 1843ರಲ್ಲಿ. ಹೀಗೆ ಓದುವ ಮಗು, ಪುಸ್ತಕ, ಅಚ್ಚಿನ ಮೊಳೆ ಎಲ್ಲವೂ ಒಟ್ಟಿಗೇ ಹುಟ್ಟಬೇಕಾಗಿದ್ದ ಕಾಲವದು.

ಹೆಣ್ಣುಮಕ್ಕಳಿಗೊಂದು ಶಾಲೆ

ರೈಸ್ ದಂಪತಿಗಳ ಕೆಲಸಗಳಲ್ಲಿ ಚಿರಕಾಲ ನಿಲ್ಲುವಂಥದ್ದು ಹೆಣ್ಣುಮಕ್ಕಳ ಶಿಕ್ಷಣ. 1840ರಲ್ಲಿ ಶ್ರೀಮತಿ ಜೇನ್ ರೈಸ್ ಅವರೂ, ಅದೇ ಮಿಷನ್ನಿನ ಶ್ರೀಮತಿ ಸ್ಯೂಯೆಲ್ ಅವರೂ ಸೇರಿ ಬೆಂಗಳೂರು ಪೇಟೆಯಲ್ಲಿ ಕನ್ನಡ ಹುಡುಗಿಯರಿಗಾಗಿ ಶಾಲೆ ಆರಂಭಿಸಿದರು. ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಆರಂಭವಾದದ್ದು 1881ರಲ್ಲಿ. ಅದಕ್ಕೂ ನಲವತ್ತೊಂದು ವರ್ಷ ಮೊದಲಿನ ಮಾತಿದು.

ಹೆಣ್ಣು ಓದಿದರೆ ಮನೆಗೆ ಕೇಡು, ಗಂಡನಿಗೆ ಆಯುಷ್ಯ ಕಡಿಮೆ ಎಂದು ಜನ ನಂಬಿದ್ದ ದಿನಗಳವು. ಎಂಟು ಹತ್ತು ವರ್ಷಕ್ಕೇ ಮದುವೆ. ಶಾಲೆಗೆ ಸೇರಿದ ಹುಡುಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಅತ್ತೆಯ ಮನೆ ಸೇರುತ್ತಿದ್ದಳು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹುಡುಗಿಯರಿಗೆ ಪಾಠ ಹೇಳಲು ಹೆಂಗಸರೇ ಬೇಕು. ಓದು ಬಲ್ಲ ಹೆಂಗಸರು ಪೇಟೆಯಲ್ಲಿ ಎಲ್ಲಿಂದ ಬರಬೇಕು? ಉಪಾಧ್ಯಾಯಿನಿಯರಿಲ್ಲದೆ ಶಾಲೆಯಿಲ್ಲ, ಶಾಲೆಯಿಲ್ಲದೆ ಉಪಾಧ್ಯಾಯಿನಿಯರಿಲ್ಲ. ಮಿಷನ್ನಿನ ಹೆಂಗಸರು ಕಂಡುಕೊಂಡ ದಾರಿಯೆಂದರೆ ವಸತಿ ಶಾಲೆ. ಅಲ್ಲಿಯೇ ಉಳಿದು ಕೆಲವು ವರ್ಷ ಓದಿದ ಹುಡುಗಿಯರಲ್ಲಿ ಕೆಲವರು ಮುಂದೆ ತಾವೇ ಪಾಠ ಹೇಳುವವರಾದರು. ಓದು, ಬರಹ, ಲೆಕ್ಕದ ಜೊತೆಗೆ ಹೊಲಿಗೆಯನ್ನೂ ಕಲಿಸುತ್ತಿದ್ದುದರಿಂದ ತಾಯಂದಿರ ಮನಸ್ಸು ಕೊಂಚ ಕರಗಿತು. ಇಂದಿಗೂ ಅವೆನ್ಯೂ ರಸ್ತೆಯಿಂದ ಅನತಿ ದೂರದಲ್ಲಿರುವ ರಸ್ತೆಗೆ ಮಿಷನ್ ರಸ್ತೆ ಎಂಬ ಹೆಸರು ಉಳಿದಿದೆ. ಅಲ್ಲಿ ಆ ಮಿಷನ್ನಿನ ಪರಂಪರೆಯ ಶಾಲೆಗಳಿವೆ. ಬೇರೆ ಬೇರೆ ಧರ್ಮಗಳ ಮಕ್ಕಳು ಅಲ್ಲಿ ಒಟ್ಟಿಗೆ ಓದುತ್ತಾರೆ.

ಶಂಕೆ ಮತ್ತು ವಿಶ್ವಾಸ

ರೈಸ್ ಅವರು ಬಂದ ಮುಖ್ಯ ಉದ್ದೇಶ ತಮ್ಮ ಧರ್ಮದ ಪ್ರಚಾರ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವರೂ ಮುಚ್ಚಿಡಲಿಲ್ಲ. ಶಾಲೆಯಲ್ಲಿ ಬೈಬಲ್ ಪಾಠವೂ ಇತ್ತು, ಪೇಟೆಯ ಬೀದಿಗಳಲ್ಲಿ ಕನ್ನಡದಲ್ಲಿ ಉಪದೇಶವೂ ಇತ್ತು. ಮಿಷನ್ ಕೊಡುತ್ತಿದ್ದ ಜೀವನಾಂಶದ ಮೇಲೆಯೇ ಅವರ ಸಂಸಾರ ನಡೆಯುತ್ತಿತ್ತು. ಅವರ ಹಿಂದೆ ಕಂಪನಿಯ ಆಡಳಿತದ ನೆರಳೂ ಇತ್ತು. ಆದ್ದರಿಂದ ಪೇಟೆಯ ಜನ ಅವರನ್ನು ಶಂಕೆಯಿಂದ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಯಾರಾದರೂ ಒಬ್ಬ ವಿದ್ಯಾರ್ಥಿ ಮತಾಂತರವಾದನೆಂಬ ಸುದ್ದಿ ಹಬ್ಬಿದರೆ ಮಿಷನ್ ಶಾಲೆಗಳು ಖಾಲಿಯಾಗುವುದು ಆ ಕಾಲದಲ್ಲಿ ದಕ್ಷಿಣ ಭಾರತದ ಎಲ್ಲೆಡೆಯೂ ಇದ್ದ ಅನುಭವ.

ತಂದೆತಾಯಿಗಳ ಸಂಕಟ ನಿಜವಾದದ್ದು. ಮಗನನ್ನು ಕಳಿಸಿದರೆ ಧರ್ಮ ಹೋದೀತೆಂಬ ಭಯ. ಕಳಿಸದಿದ್ದರೆ ವಿದ್ಯೆ ತಪ್ಪೀತೆಂಬ ಭಯ. ಈ ಸಂಕಟ ನಮ್ಮ ಸಮುದಾಯವನ್ನು ಇನ್ನೂ ಹೆಚ್ಚು ಕಾಲ ಕಾಡಿತು. ಅಧಿಕಾರ ಕಳೆದುಕೊಂಡ ನೋವು ಒಂದು ಕಡೆ, ಗೆದ್ದವರ ವಿದ್ಯೆಯ ಮೇಲಿನ ಅನುಮಾನ ಇನ್ನೊಂದು ಕಡೆ. ಹೊಸ ಶಾಲೆಗಳಿಂದ ದೂರ ಉಳಿದ ಆ ದಶಕಗಳ ಬೆಲೆಯನ್ನು ನಾವು ಬಹಳ ದಿನ ತೆತ್ತೆವು. ಸರ್ ಸಯ್ಯದ್ ಅಹಮದ್ ಖಾನ್ ಅವರು 1875ರಲ್ಲಿ ಅಲಿಗಢದಲ್ಲಿ ಶಾಲೆ ತೆರೆದದ್ದು ಈ ಸಂಕಟಕ್ಕೆ ಉತ್ತರವಾಗಿಯೇ. ದೀನನ್ನೂ ಬಿಡದೆ, ಹೊಸ ವಿದ್ಯೆಯನ್ನೂ ಬಿಡದೆ ತಮ್ಮದೇ ಸಂಸ್ಥೆ ಕಟ್ಟುವುದು ಅವರು ತೋರಿದ ಮಾರ್ಗ. ನಮ್ಮಂಥ ಸಂಘಗಳು ಹುಟ್ಟಿದ್ದು ಅದೇ ಆಲೋಚನೆಯಿಂದ.

ಶಂಕೆಯಿಂದ ನೋಡಿದ ಪೇಟೆಯೇ ಕಾಲಕ್ರಮದಲ್ಲಿ ಮಕ್ಕಳನ್ನು ಆ ಶಾಲೆಗಳಿಗೆ ಕಳಿಸಿತು. ಹೀಗೆ ಬಂದವರಲ್ಲಿ ಹೆಚ್ಚಿನವರು ತಮ್ಮ ಧರ್ಮದಲ್ಲಿಯೇ ಇದ್ದು, ವಿದ್ಯೆಯನ್ನು ಮಾತ್ರ ಪಡೆದು ಹೋದರು. ಇದಕ್ಕೆ ಕಾರಣಗಳಲ್ಲಿ ಒಂದು, ರೈಸ್ ಅವರು ಬಿಟ್ಟುಹೋಗದೆ ಉಳಿದದ್ದು. ರಜೆಯ ಮೇಲೆ ಸ್ವದೇಶಕ್ಕೆ ಹೋಗಿಬಂದ ಕಾಲವನ್ನು ಬಿಟ್ಟರೆ ಅವರ ಬಾಳೆಲ್ಲ ಕಳೆದದ್ದು ಇಲ್ಲಿಯೇ. ಒಂದೆರಡು ವರ್ಷ ಇದ್ದು ಹೋಗುವವನನ್ನು ಜನ ಅತಿಥಿಯೆಂದು ಭಾವಿಸುತ್ತಾರೆ. ತಂದೆಗೂ ಮಗನಿಗೂ ಪಾಠ ಹೇಳಿದವನನ್ನು ಮೇಷ್ಟ್ರು ಎಂದು ಭಾವಿಸುತ್ತಾರೆ.

ಮಗನ ಕೈಯಲ್ಲಿ ಬೆಳೆದ ಕೆಲಸ

ತಂದೆ ಪೇಟೆಯಲ್ಲಿ ಮಾಡಿದ್ದನ್ನು ಇಡೀ ರಾಜ್ಯದ ಮಟ್ಟಕ್ಕೆ ಒಯ್ದವರು ಮಗ ಬೆಂಜಮಿನ್ ಲೂಯಿಸ್ ರೈಸ್. ಶಾಸನಗಳ ಸಂಶೋಧಕರಾಗಿ ಕನ್ನಡಿಗರಿಗೆಲ್ಲ ಪರಿಚಿತರಾದ ಬಿ.ಎಲ್. ರೈಸ್ ಅವರು ಇವರೇ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಹುಟ್ಟೂರಿಗೆ ಮರಳಿದ ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದದ್ದು ಅದೇ ಶಾಲೆ. 1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು.

ಹಳ್ಳಿಹಳ್ಳಿ ಸುತ್ತುವಾಗ ಅವರಿಗೆ ಕಂಡ ಮುಖ್ಯ ಕೊರತೆ ತರಬೇತಿ ಪಡೆದ ಉಪಾಧ್ಯಾಯರದು. ಅದರ ಪರಿಹಾರಕ್ಕೆ ಅವರು ಹೊರಗಿನವರನ್ನು ಕರೆತರಲಿಲ್ಲ. 1868ರಲ್ಲಿ ರೂಪುಗೊಂಡ ಅವರ ಹೋಬಳಿ ಶಾಲೆಗಳ ಯೋಜನೆಯ ತಿರುಳು ಬಹಳ ಸರಳ: ಪ್ರತಿ ಹೋಬಳಿಗೊಂದು ಶಾಲೆ, ಊರಿನಲ್ಲಿ ಆಗಲೇ ಪಾಠ ಹೇಳುತ್ತಿದ್ದ ಐಗಳಂಥವರನ್ನೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು, ಮತ್ತೆ ಅವರ ಊರಿಗೇ ಮೇಷ್ಟರನ್ನಾಗಿ ಕಳಿಸುವುದು. ಕೂಲಿಮಠವನ್ನು ಹೀಗಳೆದು ಮುಚ್ಚಿಸುವುದಕ್ಕಿಂತ ಅದರ ಉಪಾಧ್ಯಾಯರನ್ನೇ ಬೆಳೆಸುವುದು ಲೇಸು ಎಂಬ ವಿವೇಕ ಇದರಲ್ಲಿದೆ. ಮೈಸೂರು ರಾಜ್ಯದ ಹಳ್ಳಿಗಳಲ್ಲಿ ಸರ್ಕಾರಿ ಕನ್ನಡ ಶಾಲೆಗಳು ಹರಡಲು ಈ ಯೋಜನೆ ದಾರಿ ಮಾಡಿತು. ಮುಂದೆ ರಾಜ್ಯದಲ್ಲಿ ಹಿಂದೂಸ್ತಾನಿ ಶಾಲೆಗಳೂ ನಡೆದು ನಮ್ಮ ಸಮುದಾಯದ ಮಕ್ಕಳಿಗೆ ಅನುಕೂಲವಾಯಿತು.

ಶಾಲೆಗಳ ತನಿಖೆಗೆ ಹೋದಲ್ಲೆಲ್ಲ ಕಲ್ಲಿನ ಮೇಲಿನ ಬರಹಗಳು ಲೂಯಿಸ್ ರೈಸ್ ಅವರ ಕಣ್ಣಿಗೆ ಬಿದ್ದವು. ಅದರ ಫಲವೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹನ್ನೆರಡು ಸಂಪುಟಗಳು. ಅವುಗಳಲ್ಲಿ ಬೆಳಕು ಕಂಡ ಶಾಸನಗಳು ಎಂಟು ಸಾವಿರಕ್ಕೂ ಹೆಚ್ಚು. ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋಗಿ 1927ರಲ್ಲಿ ನಿಧನರಾದರು. ಇನ್ನೊಬ್ಬ ಮಗ ಎಡ್ವರ್ಡ್ ರೈಸ್ ಅವರು ತಂದೆಯ ಮಿಷನ್ನಿನಲ್ಲಿಯೇ ದುಡಿದು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ತಂದೆಯ ಜೀವನಚರಿತ್ರೆಯನ್ನು ಬರೆದವರೂ ಅವರೇ.

ಕೊನೆಯ ದಿನಗಳು

ಬೆಂಜಮಿನ್ ರೈಸ್ ಅವರ ಕಣ್ಣೆದುರಿನಲ್ಲಿಯೇ ಬೆಂಗಳೂರು ಬದಲಾಯಿತು. ರೈಲು ಬಂತು, ಕಾಲೇಜು ಬಂತು, ಶಿಕ್ಷಣ ಇಲಾಖೆ ಬಂತು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ರಾಜ್ಯದ ಲಕ್ಷಾಂತರ ಜನ ಸತ್ತರು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ಇಷ್ಟೆಲ್ಲಕ್ಕೂ ಸಾಕ್ಷಿಯಾಗಿ ಅವರು ಪೇಟೆಯ ಕೆಲಸದಲ್ಲಿಯೇ ಇದ್ದರು. ಬೆಂಗಳೂರಿಗೆ ಬಂದು ಐವತ್ತು ವರ್ಷವಾಗುವ ಹೊತ್ತಿಗೆ, 1887ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ದೊಡ್ಡಪೇಟೆಯಲ್ಲಿ ಅವರ ಕಾಲದ ಕನ್ನಡ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲಿ ಕಟ್ಟಿದ ಈಗಿನ ಚರ್ಚ್ 1917ರಲ್ಲಿ ತೆರೆದಾಗ ಅದಕ್ಕೆ ಅವರ ಹೆಸರಿಟ್ಟರು.

ನಮಗೇನು ಪಾಠ?

ವಿದ್ಯಾರ್ಥಿ ಮಿತ್ರರೇ, ಹೊರದೇಶಗಳಿಗೆ ಹೋಗಿ ಉಪಾಧ್ಯಾಯರಿಲ್ಲದ ಶಾಲೆಗಳಲ್ಲಿ ಪಾಠ ಹೇಳುವ ಯುವಕ ಯುವತಿಯರು ಇಂದು ಲೋಕದಲ್ಲೆಲ್ಲ ಇದ್ದಾರೆ. ನಿಮ್ಮಲ್ಲಿಯೂ ಕೆಲವರಿಗೆ ಅಂಥ ಅವಕಾಶ ಬರಬಹುದು. ಹೊರದೇಶವೇ ಆಗಬೇಕೆಂದೇನೂ ಇಲ್ಲ. ನಮ್ಮ ರಾಜ್ಯದಲ್ಲಿಯೇ ಒಬ್ಬರೇ ಮೇಷ್ಟರಿರುವ ಶಾಲೆಗಳಿವೆ. ನಮ್ಮ ಬೀದಿಗಳಲ್ಲಿಯೇ ಲೆಕ್ಕ ಹೇಳಿಕೊಡುವವರಿಲ್ಲದೆ ಹತ್ತನೆಯ ತರಗತಿಯಲ್ಲಿ ನಿಂತುಹೋಗುವ ಮಕ್ಕಳಿದ್ದಾರೆ. ಹೋಗುವ ಮೊದಲು ರೈಸ್ ಅವರ ಜೀವನದ ಮೂರು ಸಂಗತಿಗಳನ್ನು ನೆನಪಿಡಿ.

ಮೊದಲನೆಯದು, ಮಕ್ಕಳ ಭಾಷೆಯನ್ನು ಕಲಿಯದೆ ಅವರಿಗೆ ಕಲಿಸಲಾಗದು. ಬೇರೆ ಮನೆಮಾತಿನ ನಾವು ಕನ್ನಡ ಶಾಲೆಗೆ ಹೋದರೂ, ಕನ್ನಡದವರು ಉರ್ದು ಶಾಲೆಗೆ ಬಂದರೂ ಈ ಮಾತು ಒಂದೇ. ಎರಡನೆಯದು, ಹೆಚ್ಚು ದಿನ ಇರಬೇಕು. ಮಗುವಿಗೆ ಮೇಷ್ಟರ ಹೆಸರು ಬಾಯಿಗೆ ಬರುವಷ್ಟರಲ್ಲಿ ಹೊರಟುಹೋಗುವವರಿಂದ ಶಾಲೆಗೆ ಲಾಭಕ್ಕಿಂತ ಬೇಸರವೇ ಹೆಚ್ಚು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ನಾವು ಹೊರಟ ದಿನ ಶಾಲೆ ನಿಲ್ಲಬಾರದು. ನಾವಿದ್ದಾಗ ಎಷ್ಟು ಪಾಠ ನಡೆಯಿತೆಂಬುದಕ್ಕಿಂತ, ನಾವು ಹೋದ ಮೇಲೆ ಪಾಠ ಹೇಳುವವರನ್ನು ಅದೇ ಊರಿನಲ್ಲಿ ತಯಾರು ಮಾಡಿದೆವೋ ಇಲ್ಲವೋ ಎಂಬುದು ಮುಖ್ಯ. ಪೇಟೆಯ ಹುಡುಗಿಯರು ಉಪಾಧ್ಯಾಯಿನಿಯರಾದದ್ದು, ಹೋಬಳಿಯ ಐಗಳು ತರಬೇತಿ ಪಡೆದ ಮೇಷ್ಟರಾದದ್ದು, ಕನ್ನಡದಲ್ಲಿ ಪಠ್ಯಪುಸ್ತಕ ಹುಟ್ಟಿದ್ದು ಇದೇ ಕಾರಣದಿಂದ ದೊಡ್ಡ ಕೆಲಸಗಳು.

ಇನ್ನೊಬ್ಬರ ಧರ್ಮ ಪ್ರಚಾರದ ಉದ್ದೇಶವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ವಿದ್ಯೆ ಕೊಟ್ಟವರ ಋಣವನ್ನು ಒಪ್ಪಿಕೊಳ್ಳುವುದು ನಮ್ಮ ಸಂಸ್ಕೃತಿ. ಮುಂದಿನ ಸಲ ಅವೆನ್ಯೂ ರಸ್ತೆಗೆ ಪುಸ್ತಕ ಕೊಳ್ಳಲು ಹೋದಾಗ ಆ ಕಂಬಗಳ ಕಟ್ಟಡದ ಮುಂದೆ ಒಂದು ಕ್ಷಣ ನಿಲ್ಲಿ. ಕಳೆದ ವರ್ಷದ ನಿಮ್ಮ ಪುಸ್ತಕಗಳನ್ನು ಮಾರಿಬಿಡುವ ಬದಲು, ಅವುಗಳ ಅಗತ್ಯವಿರುವ ನಿಮ್ಮ ಬೀದಿಯ ಒಂದು ಮಗುವಿಗೆ ಕೊಟ್ಟು, ವಾರಕ್ಕೆರಡು ದಿನ ಪಾಠವನ್ನೂ ಹೇಳಿಕೊಡಿ. ಆ ಮಗು ಇನ್ನೊಂದು ಮಗುವಿಗೆ ಹೇಳಿಕೊಡುವಂತಾದರೆ ನಿಮ್ಮ ಕೆಲಸ ಸಾರ್ಥಕವಾಯಿತೆಂದು ತಿಳಿಯಿರಿ.